ಥೀಸಿಸ್ ಮುಗೀತು, ಕಾಕಾಗೆ ಒಂದು ಥ್ಯಾಂಕ್ಸ್

ಕಳೆದ ವಾರ ವೈವಾ, ಅಂದ್ರೆ ಥೀಸಿಸ್‌ನ ಮೌಖಿಕ ಪರೀಕ್ಷೆ, ಮುಗಿಯಿತು. ಫೋನ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ವರ್ಷ ಏನು ಮಾಡಿದೆ ಅನ್ನೋದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದವರಿಗೆ ಅಮ್ಮನ ಮಾತಿನಲ್ಲಿ ಹೇಳುತ್ತೇನೆ: "ನಮ್ಮ ಹುಡುಗ ಗುಜರಾತಿಗೆ ಹೋಗಿ ನಾಯಿ ಎಣಿಸ್ತಾನೆ."

ಅದು ಸುಳ್ಳಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಗಿರ್ ಪೂರ್ವ ಭಾಗದ ದಲ್ಖಾಣಿಯಾದಲ್ಲಿ ಮೂರು ವಾರದೊಳಗೆ 23 ಸಿಂಹ ಸತ್ತವು. ಅದರಲ್ಲಿ ಕೆಲವಕ್ಕೆ ತಗುಲಿದ್ದು ಡಿಸ್ಟೆಂಪರ್, ಬೀದಿನಾಯಿಗಳಲ್ಲಿ ಇರುವ ವೈರಸ್. ಹಳ್ಳಿಯಾಚೆ ಸತ್ತ ದನ ಎಸೆಯುತ್ತಾರಲ್ವಾ, ಅಲ್ಲಿಗೆ ಸಂಜೆ ನಾಯಿ ಬರುತ್ತೆ, ರಾತ್ರಿ ಸಿಂಹ ಬರುತ್ತೆ. ನಾನಿಟ್ಟ ಕ್ಯಾಮೆರಾದಲ್ಲಿ ಒಂದೇ ಎಮ್ಮೆಯ ಒಂದೇ ತೊಡೆಗೆ ಮೊದಲು ಕಂದು ನಾಯಿ, ಆಮೇಲೆ ಎರಡು ಮರಿ ಕಟ್ಟಿಕೊಂಡ ಸಿಂಹಿಣಿ ಬಾಯಿ ಹಾಕಿದ ಫೋಟೊ ಇದೆ. ಇಡೀ ಥೀಸಿಸ್ ಆ ಎರಡು ಫೋಟೊಗಳ ನಡುವೆ ಇದೆ.

ಗೈಡ್‌ಗೆ, ಲ್ಯಾಬ್ ಗೆಳೆಯರಿಗೆ, ನನ್ನ ಸ್ಯಾಂಪಲ್ ಡಬ್ಬಿಗಳನ್ನು ಬೈಯುತ್ತಲೇ ಫ್ರಿಜ್ಜಿನಲ್ಲಿ ಇಟ್ಟುಕೊಂಡವರಿಗೆ, ಕೊನೆಯ ಕರಡು ತಿದ್ದಿದ ಅತ್ತಿಗೆಗೆ ಥ್ಯಾಂಕ್ಸ್. ಗಿರ್ ಪಕ್ಕದ ಜಂಬೂರಿನ ಸಿದ್ದಿ ಗೆಳೆಯನಿಗೂ. ನಮ್ಮ ಯಲ್ಲಾಪುರದ ಕಡೆ ಸಿದ್ದಿಗಳು ಕನ್ನಡ, ಕೊಂಕಣಿ ಮಾತಾಡ್ತಾರೆ ಅಂದಾಗ ಅವನು ಜೀಪ್ ನಿಲ್ಲಿಸಿ ನನ್ನ ಮುಖ ನೋಡಿದ್ದ.

ಇನ್ನು ಕಾಕಾ. ಹಾಗೆ ಕರೆಯೋಕೆ ನಾನು ಗುಜರಾತಿ ಕಲಿಯಬೇಕಿರಲಿಲ್ಲ, ನಮ್ಮ ಹಾವೇರಿ ಕಡೆಯೂ ಚಿಕ್ಕಪ್ಪನಿಗೆ ಕಾಕಾನೇ. ಮಾಲಧಾರಿ, ಅಂದ್ರೆ ದನ ಎಮ್ಮೆ ಸಾಕುವವರು. ಹುಟ್ಟಿದ್ದು ಕಾಡಿನೊಳಗಿನ ನೇಸ್‌ನಲ್ಲಿ, ಅಂದ್ರೆ ಮಾಲಧಾರಿಗಳ ಪುಟ್ಟ ಹಟ್ಟಿಯಲ್ಲಿ, ಈಗ ಇರೋದು ಕಾಡಂಚಿನ ಊರಲ್ಲಿ. ಹನ್ನೊಂದು ಜಾಫರಾಬಾದಿ ಎಮ್ಮೆ. ಟೀ ಬಸಿಗೆ ಸುರಿದುಕೊಂಡು ಕುಡಿಯದಿದ್ದರೆ ಅದು ಟೀನೇ ಅಲ್ಲ ಅನ್ನೋ ಮನುಷ್ಯ.

2021ರ ಮೇ 17. ತೌಕ್ತೆ ಚಂಡಮಾರುತ ಉನಾ ಹತ್ತಿರ ನೆಲಕ್ಕೆ ಬಂದ ರಾತ್ರಿ. ಸಂಜೆ ತಂಗಿಯ ಮೆಸೇಜ್ ಬಂದಿತ್ತು, "ಅಪ್ಪನಿಗೆ ಆಕ್ಸಿಜನ್ ಹಾಕಿದಾರೆ" ಅಂತ. ಆಮೇಲೆ ಫೋನ್ ಸತ್ತಿತು. ರಾತ್ರಿ ನನ್ನ ಬಾಡಿಗೆ ಕೋಣೆಯ ಹೆಂಚು ಒಂದೊಂದೇ ಹಾರತೊಡಗಿದಾಗ ಬಾಗಿಲು ಬಡಿದಿದ್ದು ಕಾಕಾ. ಟಾರ್ಚ್ ಹಿಡಿದು ಮುಂದೆ ಅವರು, ಅವರ ಅಂಗಿ ಹಿಡಿದು ಹಿಂದೆ ನಾನು. ಹೊಲದಲ್ಲಿ ನಡೆಯುವಾಗ ಅವರು ಕೂಗಿದ್ದು ಒಂದೇ ಮಾತು: "ಎಡಕ್ಕೆ ಬಾವಿ!" ಕಟ್ಟೆ ಇಲ್ಲದ, ನೆಲಕ್ಕೆ ಸಮನಾದ ಬಾವಿ. ಗಿರ್ ಸುತ್ತ ಇಂಥ ಬಾವಿಗಳಿಗೆ ಎಷ್ಟೋ ಸಿಂಹ ಬಿದ್ದಿವೆ. ಸಾವಿರಾರು ಬಾವಿಗೆ ಕಟ್ಟೆ ಕಟ್ಟಿಸಿದ್ದಾರೆ, ಆದರೂ ಉಳಿದಿವೆ. ನನ್ನ ಥೀಸಿಸ್‌ನ ಅಂಕಿಪಟ್ಟಿಯಲ್ಲಿ ಅದು ಒಂದು ಸಾಲು. ಆ ರಾತ್ರಿ ನನ್ನ ಎಡಗಾಲಿನ ಪಕ್ಕ ಇತ್ತು.

ಎಮ್ಮೆ ಕೊಟ್ಟಿಗೆಯ ಕಲ್ಲುಗೋಡೆಗೆ ಒರಗಿ ಬೆಳಗಿನವರೆಗೆ ಕೂತೆವು. ದೂರದಲ್ಲಿ ಸಿಂಹ ಗುಡುಗಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಗುಡುಗಲಿಲ್ಲ. ಸಗಣಿ ವಾಸನೆ, ಗಾಳಿ, ಅಷ್ಟೇ. ನಾನು ಅಳುತ್ತಿದ್ದೆ ಅನ್ನೋದು ಕತ್ತಲಲ್ಲಿ ಕಾಣಿಸಲಿಲ್ಲ ಅಂದುಕೊಂಡಿದ್ದೆ. ಅವರು ತಮ್ಮ ರುಮಾಲು ಬಿಚ್ಚಿ ಸುಮ್ನೆ ನನ್ನ ತೊಡೆ ಮೇಲಿಟ್ಟರು.

ಬೆಳಗ್ಗೆ ನೋಡಿದರೆ ಕೇಸರ್ ಮಾವಿನ ತೋಟಗಳು ಮಲಗಿದ್ದವು. ಕಂಬ ಇಲ್ಲ, ರಸ್ತೆ ಇಲ್ಲ. ಎರಡು ದಿನ ಕಾಕಾ ಕೊಡಲಿ ಹಿಡಿದು ಮರ ಕಡಿಯುತ್ತಾ, ಬೈಕ್ ದಾಟಿಸುತ್ತಾ, ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿದರು. ಅವರ ಮನೆಯ ಚಾವಣಿಯೂ ಹಾರಿತ್ತು, ಅದನ್ನ ಅವರು ಆಮೇಲೆ ನೋಡಿಕೊಂಡರು. ದಿಬ್ಬದ ಮೇಲೆ ಫೋನ್ ಹತ್ತಿತು. ತಂಗಿ ಏನು ಹೇಳಿದಳು ಅನ್ನೋದು ನಿಮಗೆ ಗೊತ್ತು. ಹಿರಿಮಗ ನಾನು, ನಾನಿರಲಿಲ್ಲ. ನಾಲ್ಕು ವರ್ಷ ಆಯಿತು, ಈ ವಾಕ್ಯ ಬರೆಯೋಕೆ ಈಗಲೂ ಕೈ ಬರಲ್ಲ. ನಾನು ಮಾತಾಡುತ್ತಿದ್ದಾಗ ಕಾಕಾ ಬೆನ್ನು ತಿರುಗಿಸಿ ಹೋಗಿ, ದಾರಿಗೆ ಅಡ್ಡ ಇಲ್ಲದ ಒಂದು ಕೊಂಬೆಯನ್ನ ಕಡಿಯುತ್ತಾ ನಿಂತಿದ್ದರು.

ಆ ಸಲ ಸಿಂಹಗಳು ಬಚಾವಾದವು. ಆದರೆ ಒಂದು ಗಾಳಿ, ಒಂದು ವೈರಸ್, ಎಲ್ಲಾ ಒಂದೇ ಸೀಮೆಯಲ್ಲಿ. ಕಾಡಿನಲ್ಲಿ ಬದುಕುವ ಏಷ್ಯಾ ಸಿಂಹ ಇರೋದು ಅಲ್ಲಿ ಮಾತ್ರ. ಮಧ್ಯಪ್ರದೇಶದ ಕುನೋಗೆ ಕೆಲವನ್ನು ಕಳಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಅದಕ್ಕೂ ಮೊದಲೇ ಸಿಂಹಕ್ಕೆ ಜಾಗ ಮಾಡೋಕೆ ಅಲ್ಲಿಂದ 24 ಹಳ್ಳಿ ಎದ್ದು ಹೋಗಿದ್ದವು. ಸಿಂಹ ಹೋಗಲಿಲ್ಲ, 2022ರಲ್ಲಿ ಚೀತಾ ಬಂತು. 2023ರಲ್ಲಿ ಒಂದು ಗಂಡು ಸಿಂಹ ತಾನೇ ನಡೆದುಕೊಂಡು ಪೋರಬಂದರ್ ಹತ್ತಿರದ ಬರಡಾ ಕಾಡು ಸೇರಿತು, 2025ರ ಎಣಿಕೆಯಲ್ಲಿ ಅಲ್ಲಿ 17 ಇದ್ದವು. ಖುಷಿನೇ. ಆದರೆ ಬರಡಾ ಕೂಡ ಸೌರಾಷ್ಟ್ರವೇ, ಅದೇ ಗಾಳಿ. ಇದನ್ನ ವೈವಾದಲ್ಲಿ ಸ್ವಲ್ಪ ಜಾಸ್ತಿನೇ ಜೋರಾಗಿ ಹೇಳಿದೆ.

2025ರ ಎಣಿಕೆಯಲ್ಲಿ 891 ಸಿಂಹ, ಅರ್ಧಕ್ಕಿಂತ ಜಾಸ್ತಿ ರಕ್ಷಿತ ಕಾಡಿನಾಚೆ, ಅಂದ್ರೆ ಕಾಕಾನಂಥವರ ಹೊಲದಲ್ಲಿ. ಒಮ್ಮೆ ಅವರದೇ ಕರು ಹೋಯಿತು. ಸಮಾಧಾನ ಹೇಳೋಕೆ ಹೋದರೆ, "ಸಾವಜ್ ಏನು ಬದನೇಕಾಯಿ ತಿನ್ನುತ್ತಾ?" ಅಂದರು. ಸಾವಜ್ ಅಂದ್ರೆ ಸಿಂಹ. ಅದೇ ಸಂಜೆ ಕೊಟ್ಟಿಗೆಯಲ್ಲಿ ಒಬ್ಬರೇ ಆ ಸಿಂಹವನ್ನ ವಾಚಾಮಗೋಚರ ಬೈಯುತ್ತಿದ್ದದ್ದೂ ನನಗೆ ಕೇಳಿಸಿತು. ಕಾಕಾನ ಮಗ ನಗಲಿಲ್ಲ. ಹೊಲದ ಬೇಲಿಗೆ ಕರೆಂಟ್ ಕೊಟ್ಟರೆ ಆಯ್ತು ಅನ್ನುತ್ತಿದ್ದ, ಪಕ್ಕದ ಊರಲ್ಲಿ ಕೊಟ್ಟಿದ್ದಾರಂತೆ. ಅಪ್ಪ ಮಗನ ಆ ಜಗಳವನ್ನ ನಾನು ಕೊನೆಯ ಅಧ್ಯಾಯಕ್ಕೆ ಹಾಕಿದೆ. "ಸಹನೆಯನ್ನ ಹೇಗೆ ಅಳೆದಿರಿ?" ಅಂತ ಪರೀಕ್ಷಕರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಂಹಗಳಿಗೆ ಮುಂದಿನ ಹತ್ತು ವರ್ಷದ ಯೋಜನೆ ಬರೆಯುವವರ ಹತ್ತಿರ ಇದ್ದರೆ ನನಗೂ ಹೇಳಲಿ.

ಮುಂದಿನ ತಿಂಗಳು ಕಾಕಾನ ಊರಿಗೆ ಹೊರಟಿದ್ದೇನೆ. ಪುಸ್ತಕ ತರ್ತೀನಿ ಅಂದೆ. ತಾ, ಜೊತೆಗೆ ನಿಮ್ಮ ಆ ಕೆಂಪು ಮೆಣಸಿನಕಾಯಿ ತಾ ಅಂದರು. ಬ್ಯಾಡಗಿ ಮೆಣಸಿನಕಾಯಿ ಎರಡು ಕೆಜಿ ಕಟ್ಟಿಸಿ ಇಟ್ಟಿದ್ದೇನೆ. ಥೀಸಿಸ್ ಬೈಂಡಿಂಗ್‌ನಿಂದ ಇನ್ನೂ ಬಂದಿಲ್ಲ.