ಕ್ರೇನ್‌ನಿಂದ ಮೋಟಾರ್ ಯಾಕೆ ತೆಗೆದೆವು: ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ,

ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳಿಂದ ನಮ್ಮ 140 ಟನ್ ಬ್ರೇಕ್‌ಡೌನ್ ಕ್ರೇನ್‌ನ (ಹಳಿ ತಪ್ಪಿದ ಬೋಗಿ ಎತ್ತುವ ರೈಲ್ವೆ ಕ್ರೇನ್) ಎಚ್‌ಓ ಮಾಡೆಲ್‌ನಲ್ಲಿ, ಅಂದರೆ ಆಟದ ರೈಲಿನ ಅಳತೆಯ ಪುಟ್ಟ ಮಾದರಿಯಲ್ಲಿ, ಮೋಟಾರ್ ಇರುವುದಿಲ್ಲ. ಕೊಕ್ಕೆಯನ್ನು ಕೈಯಿಂದಲೇ ಏರಿಸಬೇಕು. ಕ್ಯಾಬಿನ್ ಹಿಂದೆ ಒಂದು ಸಣ್ಣ ಹಿಡಿ ಇಟ್ಟಿದ್ದೇವೆ, ಅದನ್ನು ತಿರುಗಿಸಿದರಾಯಿತು. ಕ್ರೇನ್‌ನ ಉದ್ದ ತೋಳನ್ನು, ಅಂದರೆ ಜಿಬ್ ಅನ್ನು, ಬೆರಳಲ್ಲಿ ಎತ್ತಿದರೆ ಎತ್ತಿದಲ್ಲೇ ನಿಲ್ಲುತ್ತದೆ. ಕ್ರೇನ್ ಮತ್ತು ಮ್ಯಾಚ್ ಟ್ರಕ್ (ಓಡುವಾಗ ಜಿಬ್‌ನ ಕೆಳಗಿರುವ ವ್ಯಾಗನ್) ಇನ್ನು ಒಟ್ಟಿಗೇ ಸಿಗುತ್ತವೆ, ಬಿಡಿಯಾಗಿ ಇಲ್ಲ. ಜೋಡಿಯ ಬೆಲೆ 17,800 ರೂಪಾಯಿ. ಈವರೆಗೆ ಕ್ರೇನ್‌ಗೆ 14,500, ಟ್ರಕ್‌ಗೆ 2,200 ಇತ್ತು.

"ಮೋಟಾರ್ ಕಿತ್ತು ಹಾಕಿ ಮೇಲೆ ದುಡ್ಡೂ ಜಾಸ್ತಿ ಮಾಡಿದ್ದೀರಲ್ಲ" ಎಂದು ಈಗಾಗಲೇ ಫೋನ್ ಮಾಡಿ ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಮೋಟಾರ್ ತೆಗೆದು ಉಳಿದ ದುಡ್ಡು ನಮ್ಮ ಜೇಬಿಗೆ ಹೋಗುತ್ತಿಲ್ಲ. ಅದು ಎಲ್ಲಿಗೆ ಹೋಗುತ್ತಿದೆ ಅಂತ ಹೇಳುತ್ತೇನೆ.

ಮೊದಲು ಚಕ್ರ. ಸರಿಯಾಗಿ ಓಡುವ ಚಕ್ರದ ಜೋಡಿಗಳನ್ನು ನಾವು ಹೊರದೇಶದಿಂದಲೇ ತರಿಸಬೇಕು. ಸಾಮಾನ್ಯ ಬೋಗಿಗಿಂತ ಕ್ರೇನ್‌ಗೆ ಚಕ್ರ ಜಾಸ್ತಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಸ್ಕೇಲ್ ಮಾಡೆಲ್‌ಗಳೂ ಅದೇ ಸಾಲಿನಲ್ಲಿ ಬರುತ್ತವೆ. ಇಲ್ಲಿಯೇ ಆಟಿಕೆ ತಯಾರಾಗಲಿ ಅನ್ನುವ ಉದ್ದೇಶ ನಮಗೆ ಅರ್ಥವಾಗುತ್ತದೆ. ನಾವೂ ಇಲ್ಲೇ ತಯಾರಿಸುವವರು ತಾನೇ? ಆದರೆ ನೂರು ರೂಪಾಯಿಯ ಚಕ್ರಕ್ಕೆ ಎಪ್ಪತ್ತು ರೂಪಾಯಿ ಸುಂಕ ಕಟ್ಟಿ, ಅದರ ಮೇಲೆ ಉಳಿದ ತೆರಿಗೆ, ಸಾಗಣೆ ಸೇರಿಸಿ ನೋಡಿ. "ಲೋಕಲ್ ಮಾಲು, ಇಷ್ಟೊಂದು ರೇಟಾ?" ಅನ್ನುವವರು ಆ ಲೆಕ್ಕ ನೋಡಿಲ್ಲ. ಮೂರು ವರ್ಷ ಆ ಭಾರವನ್ನು ನಿಮ್ಮ ಮೇಲೆ ಹಾಕದೆ ನಾವೇ ಹೊತ್ತಿದ್ದೇವೆ.

ಎರಡನೆಯದು ಜಿಬ್. ಮೊದಲು ಪ್ಲಾಸ್ಟಿಕ್‌ನಂಥ ರೆಸಿನ್‌ನಲ್ಲಿ ಮಾಡುತ್ತಿದ್ದೆವು. ಬೇಸಿಗೆಯಲ್ಲಿ ಕಿಟಕಿ ಪಕ್ಕ ಇಟ್ಟರೆ ಎರಡೇ ತಿಂಗಳಲ್ಲಿ ತುದಿ ಬಾಗುತ್ತಿತ್ತು. ಈಗ ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ ಬೆಸುಗೆ ಹಾಕುತ್ತೇವೆ. ಒಂದು ಜಿಬ್‌ಗೆ ಒಬ್ಬರ ಅರ್ಧ ದಿನ ಹಿಡಿಯುತ್ತದೆ. ಬೆಸುಗೆ ಸ್ವಲ್ಪ ಓರೆಯಾದರೂ ಬಿಚ್ಚಿ ಮತ್ತೆ ಹಾಕುತ್ತೇವೆ. ಈ ಕೆಲಸದ ಬಗ್ಗೆ ನಮಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ.

ಇನ್ನು ನಾವು ಹೆಚ್ಚು ಸಲ ಕೇಳಿದ ದೂರು. "ಹೆಸರಿಗೆ 140 ಟನ್ ಕ್ರೇನ್, ಒಂದು ಬೋಗಿ ಎತ್ತೋಕಾಗಲ್ಲ, ಮಗುಚಿ ಬೀಳುತ್ತೆ." ಇದನ್ನು ಎಷ್ಟು ಜನ ಹೇಳಿದ್ದಾರೆ ಎಂದರೆ, ಫೋನ್ ರಿಂಗಾದರೆ ಇದೇ ಇರಬೇಕು ಅನ್ನಿಸುತ್ತದೆ. ಇದಕ್ಕೆ ಸರಿಯಾಗಿ ಉತ್ತರ ಕೊಡಲೇಬೇಕು.

ಎಚ್‌ಓ ಎಂದರೆ ಅಸಲಿನ 87ನೇ ಒಂದು ಪಾಲು. ಆದರೆ ಉದ್ದ, ಅಗಲ, ಎತ್ತರ ಮೂರೂ ಹಾಗೆ ಕುಗ್ಗುತ್ತವೆ. ಹಾಗಾಗಿ ತೂಕ ಕುಗ್ಗುವುದು 87 ಪಟ್ಟಲ್ಲ, 6,58,503 ಪಟ್ಟು. 140 ಟನ್ ಈ ಅಳತೆಯಲ್ಲಿ ಸುಮಾರು 213 ಗ್ರಾಂ, ಕಾಲು ಕೆಜಿಗೂ ಕಡಿಮೆ. ಈಗಿನ ರೈಲುಗಳ ಎಲ್‌ಎಚ್‌ಬಿ ಮಾದರಿಯ ಅಸಲಿ ಬೋಗಿ ಖಾಲಿ ಇದ್ದಾಗ ಸುಮಾರು 40 ಟನ್. ಅದು 60 ಗ್ರಾಂ ಆಗಬೇಕು. ಆದರೆ ನಿಮ್ಮ ಮನೆಯ ಪುಟ್ಟ ಹಳಿಗಳ ಲೇಔಟ್‌ನಲ್ಲಿ ಓಡುವ 27 ಸೆಂ.ಮೀ. ಉದ್ದದ ಬೋಗಿ ತೂಗಿ ನೋಡಿ. ಅಮೆರಿಕದ ಮಾಡೆಲ್ ರೈಲು ಸಂಘದ ಶಿಫಾರಸಿನ ಪ್ರಕಾರ ಅದು ಸುಮಾರು 180 ಗ್ರಾಂ ಇರಬೇಕು. ಹಗುರವಾದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ, ಅದಕ್ಕೇ ಒಳಗೆ ತೂಕ ಇಟ್ಟಿರುತ್ತಾರೆ. ಅಂದರೆ ನಮ್ಮ ಪುಟ್ಟ ಕ್ರೇನ್‌ನ ಲೆಕ್ಕದಲ್ಲಿ ನೀವು ಅದರ ಕೊಕ್ಕೆಗೆ ಸಿಕ್ಕಿಸಿದ್ದು 40 ಟನ್ನಿನ ಬೋಗಿಯಲ್ಲ, ಹತ್ತಿರ ಹತ್ತಿರ 120 ಟನ್ನಿನದು!

ಇನ್ನೊಂದು ಮಾತು. ಅಸಲಿ ಕ್ರೇನ್ ಕೂಡ ಎಲ್ಲ ಕಡೆ 140 ಟನ್ ಎತ್ತುವುದಿಲ್ಲ. ಅಕ್ಕಪಕ್ಕದ ಔಟ್‌ರಿಗರ್ ಕಾಲುಗಳನ್ನು ಚಾಚಿ ನೆಲಕ್ಕೆ ಊರಿರಬೇಕು, ಭಾರ ಹತ್ತಿರ ಇರಬೇಕು. ಜಿಬ್ ದೂರ ಚಾಚಿದಷ್ಟೂ ಶಕ್ತಿ ಇಳಿಯುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಕೆರೆಯಿಂದ ಮನೆತನಕ ಬರಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದು ಹತ್ತು ಹೆಜ್ಜೆ ಹಾಕಲಾಗುತ್ತಾ? ಹಳಿ ತಪ್ಪಿದ ಬೋಗಿಯನ್ನು ರೈಲ್ವೆಯವರೂ ಹೆಚ್ಚಾಗಿ ಒಂದು ತುದಿ ಎತ್ತಿ ಹಳಿಗೆ ಕೂರಿಸಿ, ಆಮೇಲೆ ಇನ್ನೊಂದು ತುದಿಗೆ ಹೋಗುತ್ತಾರೆ.

ಹೀಗೆಲ್ಲ ಹೇಳಿ ನಾವು ಜಾರಿಕೊಳ್ಳುತ್ತಿಲ್ಲ. ತಪ್ಪು ನಮ್ಮದೂ ಇದೆ. ಹಳೆಯ ಡಬ್ಬದ ಮೇಲೆ "ಎತ್ತುತ್ತದೆ" ಎಂದು ದೊಡ್ಡದಾಗಿ ಬರೆದೆವು, ಎಷ್ಟು ಎಂದು ಬರೆಯಲಿಲ್ಲ. ಹೋದ ಮಳೆಗಾಲದಲ್ಲಿ ರಿಪೇರಿಗೆ ಬಂದ ಒಂದು ಕ್ರೇನ್ ಇನ್ನೂ ನನ್ನ ಮೇಜಿನ ಮೇಲಿದೆ. ಬಿಚ್ಚಿದಾಗ ನೈಲಾನ್ ಗಿಯರ್‌ನ ನಾಲ್ಕು ಹಲ್ಲು ಉದುರಿ ಗ್ರೀಸಿಗೆ ಅಂಟಿಕೊಂಡಿದ್ದವು. ದಾರ ಡ್ರಮ್ಮಿನ ಅಂಚಿನಿಂದ ಜಾರಿ ಅಚ್ಚಿಗೆ ಸುತ್ತಿ, ಕತ್ತರಿಸದೆ ಬಿಡಿಸಲಾಗದ ಗಂಟಾಗಿತ್ತು. ಮೋಟಾರ್‌ಗೆ ಭಾರ ಜಾಸ್ತಿಯಾಯಿತು ಅಂತ ಗೊತ್ತಾಗುವುದಿಲ್ಲ, ಎಳೆಯುತ್ತಲೇ ಇರುತ್ತದೆ. ಬೆರಳಿಗೆ ಗೊತ್ತಾಗುತ್ತದೆ. ಹಿಡಿ ಬಿಗಿಯಾಯಿತು ಎಂದರೆ ನೀವೇ ನಿಲ್ಲಿಸುತ್ತೀರಿ. ಮೋಟಾರ್ ಕೈಬಿಡಲು ನಿಜವಾದ ಕಾರಣ ಇದೇ. ಆ ಕ್ರೇನ್ ಕಳಿಸಿದ ಮನೆಯ ಹುಡುಗ ಡಬ್ಬದೊಳಗೆ "ಬೇಗ ಸರಿ ಮಾಡಿ ಅಂಕಲ್" ಎಂದು ಚೀಟಿ ಇಟ್ಟಿದ್ದ. ಅವನಿಗೆ ಮೊದಲ ಹೊಸ ಕ್ರೇನ್ ಉಚಿತವಾಗಿ ಹೋಗುತ್ತಿದೆ.

ಹೊಸ ಕ್ರೇನ್‌ನ ಕೊಕ್ಕೆ ಗಟ್ಟಿ ಹಿತ್ತಾಳೆಯದು. ಕೊಕ್ಕೆ ಹಗುರವಾದರೆ ದಾರ ಸಡಿಲಾಗಿ ರಾಟೆಯಿಂದ ಹಾರುತ್ತದೆ, ಈಗ ಹಾಗಾಗುವುದಿಲ್ಲ. ಔಟ್‌ರಿಗರ್‌ಗಳು ನಿಜವಾಗಿ ಚಾಚುತ್ತವೆ. ಹೊಟ್ಟೆಯಲ್ಲಿ ಜಾಗವಿದ್ದಷ್ಟು ಸೀಸ ತುಂಬಿದ್ದೇವೆ. ಕಾಲು ಊರಿ, ಭಾರ ಹತ್ತಿರವಿದ್ದರೆ 100 ಗ್ರಾಂ ಎತ್ತುತ್ತದೆ, ಪೂರ್ತಿ ಚಾಚಿದರೆ 40. ಇದನ್ನು ಈ ಸಲ ಡಬ್ಬದ ಮೇಲೇ ಅಚ್ಚು ಹಾಕಿಸಿದ್ದೇವೆ. ಬೋಗಿಯ ಒಂದು ತುದಿ ಎತ್ತಲು ಆ 100 ಗ್ರಾಂ ಸಾಕು.

ಮ್ಯಾಚ್ ಟ್ರಕ್ ಜೊತೆಗೇ ಕೊಡಲು ಕಾರಣ, ಅದಿಲ್ಲದೆ ಓಡುವಾಗ ಜಿಬ್‌ನ ತುದಿ ಮುಂದಿನ ವ್ಯಾಗನ್‌ಗೆ ತಾಗುತ್ತದೆ. ಟ್ರಕ್ ಆಗಲೇ ಇರುವವರು ಹೇಳಿ, 2,200 ಕಳೆದು ಕೊಡುತ್ತೇವೆ. ಟೂಲ್ ವ್ಯಾನ್, ಸ್ಟಾಫ್ ವ್ಯಾನ್‌ಗಳ ಬೆಲೆ ಬದಲಾಗಿಲ್ಲ.

ಈ ಪತ್ರಕ್ಕೆ ಮೊದಲು ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ಮೋಟಾರ್ ಇರುವುದೇ ಬೇಕು ಎಂದರೆ ಮುಂಗಡ ಪೂರ್ತಿ ವಾಪಸ್, ಬೇಜಾರಿಲ್ಲ. ಹಳೆಯ ಕ್ರೇನ್‌ಗಳಿಗೆ ಗಿಯರ್ ಎತ್ತಿಟ್ಟಿದ್ದೇವೆ. ಅವು ಇರುವವರೆಗೆ ರಿಪೇರಿ ಉಚಿತ, ಕಳಿಸುವ ಖರ್ಚು ಮಾತ್ರ ನಿಮ್ಮದು. ತಡವಾದದ್ದಕ್ಕೆ, ಕೆಲವರ ಫೋನ್ ಎತ್ತದೆ ಇದ್ದದ್ದಕ್ಕೆ ಕ್ಷಮೆ ಇರಲಿ.

ಶನಿವಾರ ಸಂಜೆ ನಾಲ್ಕರ ಮೇಲೆ ವರ್ಕ್‌ಶಾಪ್‌ನಲ್ಲಿ ನಾನೇ ಇರುತ್ತೇನೆ. ನಿಮ್ಮ ಬೋಗಿ ತನ್ನಿ. ತಕ್ಕಡಿ ಇದೆ, ಕ್ರೇನ್ ಇದೆ, ಎತ್ತಿ ನೋಡೋಣ.

ನಿಮ್ಮ,
ವರ್ಕ್‌ಶಾಪ್‌ನವರು