ನಡುಗಡ್ಡೆಯವರಿಗೆ ಮೊದಲೇ ಸುದ್ದಿ ಕೊಡಿ

ಮಾನ್ಯರೇ,

ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆ ಕವಲೊಡೆದು ಹರಿಯುವಲ್ಲಿ ಜನ ವಾಸಿಸುವ ನಡುಗಡ್ಡೆಗಳಿವೆ. ಅವುಗಳಲ್ಲೊಂದಾದ ಕುರುವಪುರ, ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಮಹಾರಾಷ್ಟ್ರ, ತೆಲಂಗಾಣದ ದತ್ತಭಕ್ತರೂ ಬರುತ್ತಾರೆ. ಅಲ್ಲಿ ಹರಿಗೋಲು ನೋಡಲು ಚೆಂದ ನಿಜ. ಆದರೆ ಬಾಣಂತಿಯನ್ನೋ ಜ್ವರ ಬಂದ ಮಗುವನ್ನೋ ದಾಟಿಸುವಾಗ ಅದು ಚೆಂದದ ಮಾತಲ್ಲ, ಅಲ್ವಾ?

ನಾರಾಯಣಪುರ ಜಲಾಶಯದಿಂದ ನೀರು ಜಾಸ್ತಿ ಬಿಟ್ಟರೆ ಓಡಾಟವೇ ನಿಲ್ಲುತ್ತದೆ. 2019ರ ಪ್ರವಾಹದಲ್ಲೂ ಹಾಗೇ ಆಯಿತು. ಊರು ಬಿಡಿ ಎಂದರೆ ಜನ ಹಿಂಜರಿಯುತ್ತಾರೆ. ಅದು ಹಟವಲ್ಲ. ದನಕರು, ಹೊಲ ಬಿಟ್ಟು ಎಲ್ಲಿಗೆ ಹೋಗಬೇಕು? ನೀರು ಬಿಡುವ ಮೊದಲೇ ಪ್ರತಿ ಮನೆಗೂ ಸುದ್ದಿ ಮುಟ್ಟಲಿ. ರೇಷನ್, ಔಷಧಿ, ಮೇವು ಜೂನ್‌ನಲ್ಲೇ ತಲುಪಲಿ. ಯಂತ್ರದ ದೋಣಿ ಮಳೆಗಾಲವಿಡೀ ದಡದಲ್ಲಿರಲಿ.

— ಓದುಗ, ರಾಯಚೂರು