ಸ್ಪೀಡ್ ಲಾಕ್ ತೆಗೆದವರನ್ನೂ ಕೇಳಿ

ಮಾನ್ಯ ಸಂಪಾದಕರೇ,

ನನಗೆ 54 ವರ್ಷ. ಡ್ರೈವಿಂಗ್ ಲೈಸೆನ್ಸ್ ಇಲ್ಲ. ಈ ವಯಸ್ಸಿನಲ್ಲಿ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕುವ ಧೈರ್ಯವೂ ಇಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಒಂದು ಸ್ಲೋ ಸ್ಪೀಡ್ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡೆ. ಮನೆಯಿಂದ ನನ್ನ ಹೊಲಿಗೆ ಅಂಗಡಿಗೆ ಮೂರು ಕಿಲೋಮೀಟರ್. "ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ ಅಕ್ಕ, ಸುಮ್ನೆ ಚಾರ್ಜ್ ಹಾಕಿ ಓಡಿಸಿ" ಅಂದಿದ್ದರು ಮಾರಿದವರು.

ಅವರು ಹೇಳಿದ್ದು ಸುಳ್ಳಲ್ಲ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿ.ಮೀ. ಮುಟ್ಟಬಾರದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ದಾಟಬಾರದು. ಹೀಗಿದ್ದರೆ ಅದು ಮೋಟಾರು ವಾಹನವೇ ಅಲ್ಲ, ಹೆಚ್ಚುಕಮ್ಮಿ ಸೈಕಲ್ ಇದ್ದ ಹಾಗೆ. ಆದರೆ ಮೂರರಲ್ಲಿ ಒಂದು ತಪ್ಪಿದರೂ ಲೈಸೆನ್ಸ್, ನೋಂದಣಿ, ವಿಮೆ, ಹೆಲ್ಮೆಟ್ ಎಲ್ಲವೂ ಬೇಕು. ಇದನ್ನು ಮಾತ್ರ ಅವರು ಹೇಳಲಿಲ್ಲ.

ಮೊದಲ ಸರ್ವಿಸ್‌ಗೆ ಬಿಟ್ಟಾಗ, ಏರಿನಲ್ಲಿ ಗಾಡಿ ಎಳೆಯಲ್ಲ ಎಂದು ದೂರಿದ್ದೆ. ಸಂಜೆ ಹೋದರೆ ಹುಡುಗ ನಗುತ್ತಾ, "ಸ್ಪೀಡ್ ಲಾಕ್ ತೆಗೆದಿದ್ದೀನಿ ಅಕ್ಕ, ಈಗ ನೋಡಿ" ಅಂದ. ವೇಗ 25 ಮುಟ್ಟದಂತೆ ತಡೆಯುವ ಲಾಕ್ ಅದು. ಒಂದು ವೈರ್ ಕಿತ್ತರೆ ಆಯ್ತಂತೆ. ಗಾಡಿ 40ರಲ್ಲಿ ಓಡಿತು. ನನಗೆ ಖುಷಿಯಾಗಿದ್ದು ಸುಳ್ಳಲ್ಲ. ಆಮೇಲೆ ನನ್ನ ಅಕ್ಕನ ಮಗನೂ ಅದರಲ್ಲೇ ಟ್ಯೂಷನ್‌ಗೆ ಹೋಗತೊಡಗಿದ. ಅವನಿಗೆ 15.

ಕಳೆದ ತಿಂಗಳು ಇಂಥದೇ ಗಾಡಿಯೊಂದನ್ನು ತಪಾಸಣೆಯಲ್ಲಿ ಹಿಡಿದಿದ್ದು ಕಂಡೆ. ಓಡಿಸುತ್ತಿದ್ದವನು ಊಟ ತಲುಪಿಸುವ ಹುಡುಗ, ಗಾಡಿ ಬಾಡಿಗೆಯದು. ಲಾಕ್ ತೆಗೆದಿದ್ದಾರೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕಾನೂನು ಓದಿದಾಗ ನನಗೆ ನಿದ್ದೆ ಬರಲಿಲ್ಲ. ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವನ್ನು ಲೈಸೆನ್ಸ್ ಇಲ್ಲದೆ ಓಡಿಸುತ್ತಿದ್ದವಳು ನಾನು. ಯಾರಿಗಾದರೂ ಗುದ್ದಿದ್ದರೆ ಪರಿಹಾರ ನನ್ನ ಕೈಯಿಂದಲೇ ಹೋಗುತ್ತಿತ್ತು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಒಂದು ವೈರಿಗೆ ಇಷ್ಟೆಲ್ಲ!

ಹಾಗಂತ ಕಾನೂನು ಅಂಗಡಿಯವರನ್ನು ಬಿಟ್ಟಿಲ್ಲ. 2019ರ ತಿದ್ದುಪಡಿಯಲ್ಲಿ, ನಿಯಮ ಮೀರಿದ ಗಾಡಿ ಮಾರುವ ಅಥವಾ ಹಾಗೆ ಮಾರ್ಪಾಡು ಮಾಡುವ ಡೀಲರಿಗೆ ಒಂದು ಗಾಡಿಗೆ 1 ಲಕ್ಷ ರೂಪಾಯಿ ದಂಡ ಇದೆ. ಮಾಲೀಕರಿಗೆ ಒಂದು ಮಾರ್ಪಾಡಿಗೆ 5,000. ಆದರೆ ತಪಾಸಣೆ ನಡೆಯುವುದು ರಸ್ತೆಯಲ್ಲಿ. ಅಲ್ಲಿ ಸಿಗುವವರು ನಾವು, ಅಲ್ವಾ?

ಸರ್ಕಾರದ ನಿಯಮಗಳೂ ಒಂದು ಕಡೆ ನಿಲ್ಲುವುದಿಲ್ಲ. 2019ರಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೆ ಸಬ್ಸಿಡಿ ಕೊಡುವ ಕೇಂದ್ರದ ಫೇಮ್ ಯೋಜನೆಯ ಎರಡನೇ ಹಂತ ಬಂದಾಗ ಕನಿಷ್ಠ 40 ಕಿ.ಮೀ. ವೇಗ ಇರುವ ಸ್ಕೂಟರಿಗೆ ಮಾತ್ರ ಸಬ್ಸಿಡಿ ಎಂದರು. ಅಂದರೆ ನಮ್ಮಂಥವರ ಗಾಡಿಗೆ ಬಿಡಿಗಾಸೂ ಇಲ್ಲ. ವೇಗದ ಗಾಡಿ ತಗೊಂಡವರ ಕಥೆಯೂ ಅಷ್ಟೇ. 2023ರ ಜೂನ್ 1ಕ್ಕೆ ಸಬ್ಸಿಡಿಯ ಮಿತಿ ಗಾಡಿ ಬೆಲೆಯ ಶೇ 40ರಿಂದ ಶೇ 15ಕ್ಕೆ ಇಳಿಯಿತು. ನಮ್ಮ ರಾಜ್ಯ 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದು 2024ರ ಮಾರ್ಚ್‌ನಲ್ಲಿ ವಾಪಸ್ ತಗೊಂಡಿತು. ಯೋಜನೆ ನಂಬಿ ಸಾಲ ಮಾಡಿದವರ ಇಎಂಐ ಮಾತ್ರ ವಾಪಸ್ ಹೋಗಲಿಲ್ಲ.

ಅಧಿಕಾರಿಗಳೇ, ಹಿಡಿಯಬೇಡಿ ಎಂದು ನಾನು ಕೇಳುತ್ತಿಲ್ಲ. 25ಕ್ಕೆಂದು ಮಾಡಿದ ಬ್ರೇಕಿನ ಗಾಡಿ 40ರಲ್ಲಿ ಓಡುವುದು ಅಪಾಯವೇ. ಆದರೆ ಮೊದಲು ಅಂಗಡಿಗಳಿಗೆ ಹೋಗಿ. ಲಾಕ್ ತೆಗೆದರೆ ಏನಾಗುತ್ತದೆ ಎಂದು ಬಿಲ್ಲಿನ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಿ. ಗಾಡಿಗೆ ವಿನಾಯಿತಿ ಇದೆ ಎನ್ನುವ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಕೊಳ್ಳುವವರ ಕೈಗೆ ಕೊಡಿಸಿ. ಈಗಾಗಲೇ ಲಾಕ್ ತೆಗೆಸಿಕೊಂಡವರಿಗೆ ಮೂರು ತಿಂಗಳು ಕೊಡಿ. ಅಷ್ಟರೊಳಗೆ ಮಾರಿದವರೇ ಬಿಟ್ಟಿಯಾಗಿ ಲಾಕ್ ವಾಪಸ್ ಹಾಕಿಕೊಡಲಿ.

ನಾನು ಮೊನ್ನೆ ಹೋಗಿ ಹಾಕಿಸಿಕೊಂಡು ಬಂದೆ. "ಯಾಕಕ್ಕಾ, ಎಲ್ಲರೂ ತೆಗೆಸ್ತಾರೆ" ಎಂದು ನಕ್ಕು 200 ರೂಪಾಯಿ ಇಸ್ಕೊಂಡರು. ಬಿಲ್ ಕೇಳಿದೆ, ಕೊಡಲಿಲ್ಲ.

– ಒಬ್ಬ ಓದುಗಿ, ಮೈಸೂರು